ಬೆವರು ಇಳಿಯಿತು, ಮುಳ್ಳು ಏರಿತು

ಓದುಗರ ಪ್ರಶ್ನೆಗಳಿಗೆ ಕಾರವಾರದ ಫಿಸಿಯೋಥೆರಪಿಸ್ಟ್ ಒಬ್ಬರ ಉತ್ತರ

ಪ್ರಶ್ನೆ: ನನಗೆ 41 ವರ್ಷ. ಮನೆ ಕೋಡಿಬಾಗದಲ್ಲಿ. ಇಡೀ ದಿನ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ವಾಕಿಂಗ್ ನಿಂತಿತು. ಆಮೇಲೆ ಹಬ್ಬಗಳು ಬಂದವು. ದಸರೆ ಮುಗಿದ ಮೇಲೆ ಗಟ್ಟಿ ಮನಸ್ಸು ಮಾಡಿ ಮತ್ತೆ ಶುರು ಮಾಡಿದೆ. ದಿನಾ ಬೆಳಿಗ್ಗೆ ಟಾಗೋರ್ ಬೀಚಿನಲ್ಲಿ 40 ನಿಮಿಷ ನಡಿಗೆ, ವಾರಕ್ಕೆ ಮೂರು ಸಂಜೆ ಜಿಮ್. ರಾತ್ರಿ ಅನ್ನ ಬಿಟ್ಟು ಎರಡೇ ಚಪಾತಿ. ಬೆಳಿಗ್ಗೆ ಬೆವರಿ ಬಂದ ಮೇಲೆ ಗಂಜಿ, ಜೊತೆಗೆ ಮಿಡಿ ಉಪ್ಪಿನಕಾಯಿ, ಒಮ್ಮೊಮ್ಮೆ ಸುಟ್ಟ ಒಣ ಬಂಗಡೆ. 12 ದಿನ ಆಯಿತು. 68.2 ಕೆ.ಜಿ. ಇದ್ದವಳು 69.9 ಆಗಿದ್ದೇನೆ! ಪ್ಯಾಂಟು ತೊಡೆಯ ಹತ್ತಿರ ಬಿಗಿ. "ದುಡ್ಡು ಕೊಟ್ಟು ದಪ್ಪ ಆಗ್ತಾ ಇದ್ದೀಯ" ಅಂತ ಯಜಮಾನರು ನಗುತ್ತಾರೆ. ಜಿಮ್‌ನ ಹುಡುಗ "ಕೊಬ್ಬೆಲ್ಲ ಮಸಲ್ ಆಗ್ತಿದೆ ಮೇಡಂ" ಅನ್ನುತ್ತಾನೆ. ನಿಜವಾ? ಇಲ್ಲ, ಬಿಟ್ಟುಬಿಡಲಾ?
(ಓದುಗಿ, ಕಾರವಾರ)

ಉತ್ತರ: ಬಿಡಬೇಡಿ. ಯಜಮಾನರು ಹೇಳಿದ್ದೂ ತಪ್ಪು, ಜಿಮ್‌ನ ಹುಡುಗ ಹೇಳಿದ್ದೂ ತಪ್ಪು.

ಮೊದಲು ಯಜಮಾನರಿಗೆ ಲೆಕ್ಕ ತೋರಿಸೋಣ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನಿಮಗೆ ಏರಿದ್ದು 1.7 ಕೆ.ಜಿ. ಅಷ್ಟೂ ಕೊಬ್ಬೇ ಆಗಿದ್ದರೆ, ಖರ್ಚಾಗಿ ಉಳಿದದ್ದೇ 13,000 ಕ್ಯಾಲೊರಿ ಆಗಬೇಕು. ದಿನಕ್ಕೆ ಸಾವಿರಕ್ಕಿಂತ ಜಾಸ್ತಿ. ಅಂದರೆ ನಿಮ್ಮ ಮಾಮೂಲಿ ಊಟದ ಮೇಲೆ ದಿನಾ ಹತ್ತು ಚಪಾತಿ ಹೆಚ್ಚಿಗೆ ತಿಂದಿರಬೇಕು, 12 ದಿನ ಬಿಡದೆ. ತಿಂದಿದ್ದರೆ ನಿಮಗೆ ಗೊತ್ತಾಗುತ್ತಿರಲಿಲ್ಲವೇ? ಹಿಟ್ಟು ಕಲಸುವವರಿಗಾದರೂ ಗೊತ್ತಾಗುತ್ತಿತ್ತು.

ಇನ್ನು ಜಿಮ್‌ನ ಹುಡುಗ. ಪಾಪ, ಧೈರ್ಯ ತುಂಬಲು ಹೇಳಿದ್ದಾನೆ. ಆದರೆ ಕೊಬ್ಬು ಸ್ನಾಯು ಆಗುವುದಿಲ್ಲ, ಸೀಗಡಿ ಬಂಗಡೆ ಆಗದ ಹಾಗೆ. ಎರಡೂ ಬೇರೆ ಬೇರೆ ಜಾತಿಯ ಜೀವಕೋಶ. ಕೊಬ್ಬು ಕರಗಬಹುದು, ಸ್ನಾಯು ಬೆಳೆಯಬಹುದು, ಎರಡೂ ಒಟ್ಟಿಗೇ ಆಗಲೂಬಹುದು. ಒಂದು ಇನ್ನೊಂದಾಗಿ ಮಾರ್ಪಡುವುದು ಮಾತ್ರ ಇಲ್ಲ. ಅದೂ ಅಲ್ಲದೆ, ನಮ್ಮಂಥ ಹೆಂಗಸರಿಗೆ ಒಂದು ಕೆ.ಜಿ. ಸ್ನಾಯು ಬೆಳೆಯಬೇಕಾದರೆ ತಿಂಗಳುಗಟ್ಟಲೆ ಬೇಕು. 12 ದಿನದಲ್ಲಿ ಆಗುವ ಮಾತಲ್ಲ.

ಉಳಿದದ್ದು ಏನು? ನೀರು. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗುತ್ತದೆ. ಕೊಬ್ಬು ನಿಧಾನ ಬರುತ್ತದೆ, ನಿಧಾನ ಹೋಗುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಏರಿ ಇಳಿಯುವುದು ನೀರೇ.

ಈ ನೀರು ಎಲ್ಲಿ ಹೋಗಿ ಕೂತಿದೆ ಅನ್ನುವುದಕ್ಕೆ ನನ್ನದೇ ಕತೆ ಹೇಳುತ್ತೇನೆ. ನನ್ನ ತವರು ಸಿರ್ಸಿ ಕಡೆಯ ಹಳ್ಳಿ. ಅಲ್ಲಿ ಮನೆ ಮೇಲೆ, ಅಡಿಕೆ ತೋಟ ಕೆಳಗೆ. ನಡುವೆ ಧರೆ ಕಡಿದು ಮಾಡಿದ ಮೆಟ್ಟಿಲು. ಕೆಲವು ವರ್ಷಗಳ ಹಿಂದೆ ಜುಲೈನಲ್ಲಿ ಆ ಮೆಟ್ಟಿಲ ಮೇಲೆ ಹಾವಸೆಗೆ ಕಾಲು ಜಾರಿ ನನ್ನ ಹಿಮ್ಮಡಿ ಗಂಟು ಉಳುಕಿತು. ಊರವರ ಕಾಲೆಲ್ಲ ನೋಡುವವಳು ನನ್ನ ಕಾಲು ನೋಡಿಕೊಳ್ಳಲಿಲ್ಲ ಅಂತ ಆಯಿ ಈಗಲೂ ಹೇಳುತ್ತಾಳೆ. ಮೂರು ತಿಂಗಳು ವ್ಯಾಯಾಮ ಇಲ್ಲ. ಅಕ್ಟೋಬರ್‌ನಲ್ಲಿ ಉಮೇದಿನಿಂದ ಶುರು ಮಾಡಿದೆ. ಮೊದಲ ದಿನವೇ ಮೂರು ಸುತ್ತು ಸ್ಕ್ವಾಟ್ (ಕೂತು ಏಳುವ ವ್ಯಾಯಾಮ), ಆಮೇಲೆ ಮೆಟ್ಟಿಲು ಹತ್ತಿ ಇಳಿದದ್ದು ಬೇರೆ. ಬೇರೆಯವರಿಗೆ "ನಿಧಾನ ನಿಧಾನ" ಅಂತ ದಿನಕ್ಕೆ ಹತ್ತು ಸಲ ಹೇಳುವವಳು ನಾನು! ಎರಡನೇ ದಿನ ಕುರ್ಚಿಯಿಂದ ಏಳುವಾಗ ಮೇಜು ಹಿಡಿಯಬೇಕಾಯಿತು. ಒಂಬತ್ತನೇ ದಿನ ತೂಕ ನೋಡಿದರೆ 61.4 ಇದ್ದದ್ದು 62.9.

ನಾನು ಏನು ಮಾಡಿದೆ ಗೊತ್ತಾ? ತೂಕದ ಯಂತ್ರವನ್ನು ಬಚ್ಚಲಿನಿಂದ ಜಗಲಿಗೆ ತಂದೆ. ಬ್ಯಾಟರಿ ಬದಲಿಸಿದೆ. ಬಳೆ ತೆಗೆದು ನಿಂತೆ. ಮುಳ್ಳಿನ ಯಂತ್ರ ಒಳ್ಳೆಯದಿತ್ತು ಅಂತ ಹಳೆಯದನ್ನು ಅಟ್ಟದಿಂದ ಇಳಿಸಿದೆ. ಅದು ಇನ್ನೂ ಅರ್ಧ ಕೆ.ಜಿ. ಜಾಸ್ತಿ ತೋರಿಸಿತು. ಕಾರಣ ಎಲ್ಲ ಗೊತ್ತಿದ್ದೂ ಆ ರಾತ್ರಿ ಊಟ ಬಿಡಲು ಹೊರಟಿದ್ದೆ. ಆದ್ದರಿಂದ ನಿಮ್ಮ ಪತ್ರ ಓದಿ ನಗು ಬರಲಿಲ್ಲ.

ಆಗಿದ್ದು ಇಷ್ಟು. ಬಹಳ ದಿನ ಸುಮ್ನೆ ಇದ್ದ ಸ್ನಾಯುವಿಗೆ ಒಮ್ಮೆಲೇ ಕೆಲಸ ಕೊಟ್ಟರೆ ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗಾಯ ಆಗುತ್ತದೆ. ಅದನ್ನು ರಿಪೇರಿ ಮಾಡಲು ರಕ್ತದಿಂದ ಬಿಳಿ ಕಣಗಳು, ಜೊತೆಗೆ ನೀರು, ಆ ಜಾಗಕ್ಕೆ ಬರುತ್ತವೆ. ಕಲ್ಲಿಗೆ ಎಡವಿದ ಬೆರಳು ಬಾತುಕೊಳ್ಳುತ್ತದಲ್ಲ, ಹಾಗೇ. ಆದರೆ ಇಲ್ಲಿ ಇಡೀ ತೊಡೆ, ಪೃಷ್ಠ, ಮೀನಖಂಡ ಎಲ್ಲವೂ ತುಸು ತುಸು ಬಾತಿರುತ್ತವೆ. ಕನ್ನಡಿಯಲ್ಲಿ ಕಾಣುವುದಿಲ್ಲ. ಪ್ಯಾಂಟಿಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುತ್ತದೆ. ನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿರುತ್ತದೆ. ಬಾವು ಅದಕ್ಕಿಂತ ತುಸು ತಡವಾಗಿ ಬರುತ್ತದೆ, ಇಳಿಯುವುದೂ ತಡ. ಹಾಗಾಗಿ ನೋವು ಹೋದ ಮೇಲೂ ತೂಕ ಏರಿಯೇ ಇರುತ್ತದೆ. ಆಗಲೇ ಜನ ತಲೆ ಕೆಡಿಸಿಕೊಳ್ಳುವುದು.

ಒಂದು ಸ್ವಾರಸ್ಯ ನೋಡಿ. ಹತ್ತುವುದಕ್ಕಿಂತ ಇಳಿಯುವುದೇ ಸ್ನಾಯುವಿಗೆ ಜಾಸ್ತಿ ಪೆಟ್ಟು ಕೊಡುತ್ತದೆ. ಹತ್ತುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಹಿಗ್ಗುತ್ತಾ ಮೈಭಾರ ತಡೆಯುತ್ತದೆ. ದೇವಿಮನೆ ಘಟ್ಟ ಹತ್ತಿದವನಿಗೆ ಏದುಸಿರು ಬಂದೀತು, ಆದರೆ ನಡೆದು ಇಳಿದವನೇ ಮರುದಿನ ಮಂಚದಿಂದ ಏಳಲಾರ. ಸ್ಕ್ವಾಟ್‌ನಲ್ಲಿ ಕೆಳಗೆ ಕೂರುವುದು, ಡಂಬ್‌ಬೆಲ್ ನಿಧಾನ ಕೆಳಗಿಳಿಸುವುದು, ಎಲ್ಲ ಇದೇ ಲೆಕ್ಕ. ಸಮಾಧಾನದ ಮಾತು ಅಂದರೆ, ಅದೇ ಕೆಲಸ ಎರಡನೇ, ಮೂರನೇ ಸಲ ಮಾಡಿದಾಗ ಪೆಟ್ಟು ಬಹಳ ಕಡಿಮೆ. ಸ್ನಾಯು ಬೇಗ ಕಲಿಯುತ್ತದೆ.

ನೀರು ಕೂರುವ ಇನ್ನೊಂದು ಜಾಗ ಸ್ನಾಯುವಿನ ಕಣಜ. ತಿಂದ ಅನ್ನ, ಚಪಾತಿಯ ಪಿಷ್ಟವನ್ನು ದೇಹ ಗ್ಲೈಕೋಜನ್ ಅಂತ ಮಾಡಿ ಸ್ನಾಯುವಿನಲ್ಲೂ ಲಿವರ್‌ನಲ್ಲೂ ಇಡುತ್ತದೆ. ಒಟ್ಟು ಅರ್ಧ ಕೆ.ಜಿ. ಆಸುಪಾಸು. ಆದರೆ ಅದನ್ನು ಒಣಗಿಸಿ ಇಡಲು ಬರುವುದಿಲ್ಲ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರಲೇಬೇಕು. ಅವಲಕ್ಕಿಯನ್ನು ನೆನೆಸಿಯೇ ಡಬ್ಬಿಗೆ ತುಂಬಿದ ಹಾಗೆ. ವ್ಯಾಯಾಮ ಮಾಡುವ ಸ್ನಾಯು "ನಾಳೆಯೂ ಬೇಕು" ಅಂತ ಮೊದಲಿಗಿಂತ ಜಾಸ್ತಿ ತುಂಬಿಟ್ಟುಕೊಳ್ಳುತ್ತದೆ. 150 ಗ್ರಾಂ ಹೆಚ್ಚಿಗೆ ಇಟ್ಟರೂ ನೀರು ಸೇರಿ 600 ಗ್ರಾಂ ಆಯಿತಲ್ಲ! ಅನ್ನ ಪೂರ್ತಿ ಬಿಟ್ಟವರಿಗೆ ಮೊದಲ ವಾರ ಎರಡು ಕೆ.ಜಿ. ಇಳಿಯುತ್ತದೆ ಅನ್ನುವ ಪವಾಡವೂ ಇದೇ ಕಣಜ ಖಾಲಿಯಾದದ್ದು. ಮದುವೆ ಮನೆಯಲ್ಲಿ ಎರಡು ಹೊತ್ತು ಉಂಡರೆ ವಾಪಸ್ ಬರುತ್ತದೆ.

ರಕ್ತದಲ್ಲೂ ಒಂದಿಷ್ಟು ನೀರು ಸೇರುತ್ತದೆ. ನೀವು ಶುರು ಮಾಡಿದ್ದು ಅಕ್ಟೋಬರ್‌ನಲ್ಲಿ. ಮಳೆ ಹೋದ ಮೇಲಿನ ನಮ್ಮ ಕರಾವಳಿಯ ಸೆಕೆ ನಿಮಗೆ ಹೇಳಬೇಕೇ? ದಿನಾ ಬೆವರತೊಡಗಿದರೆ ದೇಹ ಹಾರ್ಮೋನು ಬಿಟ್ಟು ಕಿಡ್ನಿಗೆ "ಉಪ್ಪು, ನೀರು ಹಿಡಿದಿಡು" ಅನ್ನುತ್ತದೆ. ಕೆಲವೇ ದಿನದಲ್ಲಿ ರಕ್ತದ ನೀರಿನಂಶ ಕಾಲು ಲೀಟರ್ ಹೆಚ್ಚಾಗುವುದು ದೊಡ್ಡ ವಿಷಯವಲ್ಲ. ಇದು ಒಳ್ಳೆಯದು. ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ದೂಡುತ್ತದೆ, ಮೈ ಬೇಗ ತಂಪಾಗುತ್ತದೆ. ಮೊದಲ ದಿನ ಯುದ್ಧನೌಕೆ ಮ್ಯೂಸಿಯಂ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿದ್ದವರಿಗೆ ಈಗ ಅಷ್ಟು ಸುಸ್ತಿಲ್ಲ ಅಲ್ವಾ? ಅದರಲ್ಲಿ ಈ ನೀರಿನ ಪಾಲೂ ಇದೆ.

ಈಗ ನಿಮ್ಮ ಗಂಜಿಯ ಪಕ್ಕದ ವಿಷಯ. ಉಪ್ಪು ಎಲ್ಲಿದೆಯೋ ನೀರು ಅಲ್ಲಿದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಎಲ್ಲ ಸೇರಿ ಒಂದು ಚಹಾ ಚಮಚಕ್ಕಿಂತ ಕಡಿಮೆ. ಮಿಡಿ ಉಪ್ಪಿನಕಾಯಿ ಅಂದರೆ ಉಪ್ಪಿನಲ್ಲಿ ತಿಂಗಳುಗಟ್ಟಲೆ ಮಲಗಿದ ಮಾವು. ಒಣ ಬಂಗಡೆಯೂ ಉಪ್ಪಿನಲ್ಲೇ ಒಣಗಿದ್ದು. 40 ನಿಮಿಷದ ನಡಿಗೆಯಲ್ಲಿ ಹೋದ ಉಪ್ಪನ್ನು ಮಾಮೂಲಿ ಸಾರು, ಪಲ್ಯವೇ ತುಂಬಿಕೊಡುತ್ತದೆ. "ನಾವು ತಿನ್ನುವುದು ಸಾಣಿಕಟ್ಟೆಯ ಹರಳುಪ್ಪು, ಅದು ಒಳ್ಳೆಯದು" ಅಂತ ಹಲವರು ನನ್ನ ಹತ್ತಿರ ವಾದ ಮಾಡಿದ್ದಾರೆ. ರುಚಿಗೆ ಒಳ್ಳೆಯದು, ಒಪ್ಪಿದೆ. ಆದರೆ ಕಿಡ್ನಿ ಊರು ಕೇಳುವುದಿಲ್ಲ, ಉಪ್ಪಿನೊಳಗಿನ ಸೋಡಿಯಂ ಎಣಿಸುತ್ತದೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಜಿಲ್ಲೆಯಲ್ಲಿ ಕೂತು ಉಪ್ಪು ಬಿಡಿ ಅನ್ನಲು ನನಗೂ ಧೈರ್ಯ ಸಾಲದು. ಬಿಡಬೇಡಿ. ಒಣ ಮೀನು ವಾರಕ್ಕೊಮ್ಮೆ ಸಾಕು. ಉಪ್ಪಿನಕಾಯಿ ಇದ್ದ ದಿನ ಗಂಜಿಗೆ ಬೇರೆ ಉಪ್ಪು ಬೇಡ.

ಈ ತೂಕ ಯಾವಾಗ ಇಳಿಯುತ್ತದೆ? ರಿಪೇರಿಯ ನೀರು ಒಂದೆರಡು ವಾರದಲ್ಲಿ ಹೋಗುತ್ತದೆ, ನೀವು ದಿನಾ ಹೊಸ ಹೊಸ ಪೆಟ್ಟು ಕೊಡದಿದ್ದರೆ. ಕಣಜದ ನೀರು, ರಕ್ತದ ನೀರು ಮಾತ್ರ ವ್ಯಾಯಾಮ ಮಾಡುವಷ್ಟು ದಿನವೂ ಇರುತ್ತವೆ. ಇರಲಿ ಬಿಡಿ. ಅದರ ಕೆಳಗೆ ಕೊಬ್ಬು ನಿಧಾನ ಕರಗುತ್ತಾ ಇರುತ್ತದೆ. ಮೂರ್ನಾಲ್ಕು ವಾರ ಕಳೆದ ಮೇಲೆ ಅದರ ಲೆಕ್ಕ ಯಂತ್ರದಲ್ಲಿ ಕಾಣತೊಡಗುತ್ತದೆ. ನನ್ನ ನೋಟ್‌ಬುಕ್‌ನಲ್ಲಿ 20ನೇ ದಿನ 62.3, ಆರನೇ ವಾರ 60.8 ಅಂತ ಇದೆ. ನಡುವೆ ಒಂದು ದಿನ 62.7 ಅಂತಲೂ ಇದೆ. ಹಿಂದಿನ ದಿನ ಸಿರ್ಸಿಯ ನೆಂಟರ ಮನೆಯಲ್ಲಿ ಹಲಸಿನ ಹಪ್ಪಳ ತಿಂದಿದ್ದೆ. ಎಷ್ಟು ಅಂತ ಬರೆದಿಲ್ಲ.

ತೂಕ ನೋಡುವ ರೀತಿ ಬದಲಿಸಿ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಚಹಾಕ್ಕೆ ಮೊದಲು. ಒಂದೇ ತರಹದ ಬಟ್ಟೆ. ಯಂತ್ರ ಗಟ್ಟಿ, ಸಮತಟ್ಟು ನೆಲದ ಮೇಲಿರಲಿ. ಹಳೆ ಮನೆಯ ಕಾವಿ ನೆಲ ಚಂದ, ಆದರೆ ಎಷ್ಟೋ ಕಡೆ ಏರುತಗ್ಗು. ಮ್ಯಾಟಿನ ಮೇಲಂತೂ ಬೇಡ. ವಾರಕ್ಕೆ ಮೂರು ದಿನ ನೋಡಿ, ಸರಾಸರಿ ಬರೆಯಿರಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಎಷ್ಟೋ ಜನರಿಗೆ ಒಂದು ಕೆ.ಜಿ. ನೀರು ಸೇರುತ್ತದೆ. ಆದ್ದರಿಂದ ಈ ತಿಂಗಳ ಮುಟ್ಟು ಮುಗಿದ ವಾರವನ್ನು ಮುಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಟೈಲರ್ ಟೇಪು ತಂದು ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯಿರಿ. ನಿಮ್ಮ ತೊಡೆ ಬಿಗಿಯಾಗಿದೆ ಅಂದಿರಿ, ಸೊಂಟದ ಗುಂಡಿ ಬಿಗಿ ಅಂದಿಲ್ಲ. ಅದನ್ನು ನಾನು ಗಮನಿಸಿದೆ.

ಬೇಡದ್ದು ಕೆಲವು. ನೀರು ಕುಡಿಯುವುದು ಕಡಿಮೆ ಮಾಡಬೇಡಿ. ದೇಹ ಇದ್ದ ನೀರನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಹಾಗಂತ ಪಂಪ್ ಹಚ್ಚಿದ ಹಾಗೆ ಕುಡಿಯುವುದೂ ಬೇಡ, ಬಾಯಾರಿದಷ್ಟು ಸಾಕು. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯನ್ನು ಅತ್ತೆಯ ಡಬ್ಬಿಯಿಂದ ತೆಗೆದು ನುಂಗಬೇಡಿ. ನಗಬೇಡಿ, ನುಂಗಿದವರು ನನ್ನ ಹತ್ತಿರ ಬಂದಿದ್ದಾರೆ. ಮೈಕೈ ನೋವಿಗೆ ದಿನಾ ನೋವಿನ ಮಾತ್ರೆಯೂ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದವು ಕಿಡ್ನಿ ಉಪ್ಪನ್ನೂ ನೀರನ್ನೂ ಹಿಡಿದಿಡುವಂತೆ ಮಾಡುತ್ತವೆ. ಬಾವು ಇಳಿಸಲು ಹೋಗಿ ತೂಕ ಏರಿಸಿಕೊಂಡ ಹಾಗಾಗುತ್ತದೆ.

ಜಿಮ್‌ನಲ್ಲಿ ಎರಡು ವಾರ ಭಾರ ಅರ್ಧಕ್ಕೆ ಇಳಿಸಿ. ಇವತ್ತು ಕಾಲಿನ ವ್ಯಾಯಾಮ ಮಾಡಿದರೆ ಮತ್ತೆ ಕಾಲಿಗೆ ಎರಡು ದಿನ ಬಿಟ್ಟು. ಬೀಚಿನಲ್ಲಿ ಮೇಲಿನ ಸಡಿಲ ಮರಳು ಬಿಟ್ಟು ಅಲೆ ಬಂದು ಗಟ್ಟಿಯಾದ ಒದ್ದೆ ಮರಳಿನಲ್ಲಿ ನಡೆಯಿರಿ. ಸಡಿಲ ಮರಳು ಮೀನಖಂಡಕ್ಕೆ ಬಹಳ ದುಡಿತ. ರಾತ್ರಿಯ ಎರಡು ಚಪಾತಿಗೆ ಒಂದು ಬಟ್ಟಲು ಹೆಸರುಕಾಳೋ, ಒಂದು ತುಂಡು ತಾಜಾ ಮೀನೋ ಸೇರಲಿ. ರಿಪೇರಿಗೆ ಸಾಮಾನು ಬೇಕಲ್ಲ.

ಪ್ರಶ್ನೆ: ವಯಸ್ಸು 22, ಸಿರ್ಸಿ. ಪರೀಕ್ಷೆ ಮುಗಿಸಿ ಜಿಮ್‌ಗೆ ಮರಳಿ ಹತ್ತು ದಿನ. ಕ್ರಿಯಾಟಿನ್ ಪುಡಿ ಶುರು ಮಾಡಿದ್ದೇನೆ, ದಿನಕ್ಕೆ ನಾಲ್ಕು ಚಮಚ. 2 ಕೆ.ಜಿ. ಏರಿತು. ಕೊಬ್ಬು ಅಳೆಯುವ ಯಂತ್ರದಲ್ಲಿ ನಿಂತರೆ ಒಂದೊಂದು ದಿನ ಒಂದೊಂದು ಅಂಕಿ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ಸದ್ಯಕ್ಕೆ ನಂಬಬೇಡಿ. ಕ್ರಿಯಾಟಿನ್ ಅಂದರೆ ಸ್ನಾಯುವಿಗೆ ಕಸುವು ಬರಲಿ ಅಂತ ಜಿಮ್‌ನವರು ತಗೊಳ್ಳುವ ಪುಡಿ. ಅದು ಸ್ನಾಯುವಿನೊಳಗೆ ನೀರು ಎಳೆದುಕೊಳ್ಳುತ್ತದೆ. ದಿನಕ್ಕೆ 20 ಗ್ರಾಂನಷ್ಟು, ಅಂದರೆ ಸುಮಾರು ನಿಮ್ಮ ನಾಲ್ಕು ಚಮಚ, ತಗೊಂಡರೆ ಮೊದಲ ವಾರದಲ್ಲೇ ಒಂದೆರಡು ಕೆ.ಜಿ. ಏರುವುದು ಮಾಮೂಲು. ಅಷ್ಟು ಬೇಕಾಗಿಯೇ ಇಲ್ಲ. ದಿನಕ್ಕೆ 3ರಿಂದ 5 ಗ್ರಾಂ ತಗೊಂಡರೂ ಮೂರ್ನಾಲ್ಕು ವಾರದಲ್ಲಿ ಸ್ನಾಯು ತುಂಬುತ್ತದೆ. ಮೂರು ಚಮಚದ ಖರ್ಚು ಉಳಿಯುತ್ತದೆ. ಕಿಡ್ನಿ ತೊಂದರೆ ಇದ್ದವರು ಮುಟ್ಟಬಾರದು. ರಕ್ತ ಪರೀಕ್ಷೆಗೆ ಹೋದಾಗ ಈ ಪುಡಿಯ ವಿಷಯ ಡಾಕ್ಟರಿಗೆ ಹೇಳಿ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಯಲು ನೋಡುವ ಅಂಶ) ತುಸು ಜಾಸ್ತಿ ಕಂಡು ಎಲ್ಲರೂ ಗಾಬರಿಯಾಗುವುದು ಬೇಡ.

ಆ ಯಂತ್ರ ಕೊಬ್ಬನ್ನು ನೋಡುವುದೇ ಇಲ್ಲ. ಪಾದದಿಂದ ಸಣ್ಣ ವಿದ್ಯುತ್ ಹರಿಸಿ, ಎಷ್ಟು ತಡೆ ಬಂತು ಅಂತ ನೋಡಿ ಅಂದಾಜು ಹೇಳುತ್ತದೆ. ನೀರು ಜಾಸ್ತಿಯಾದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬು ಕಡಿಮೆ ಅನ್ನುತ್ತದೆ. ಬೆವರಿ ಒಣಗಿ ನಿಂತರೆ ಕೊಬ್ಬು ಜಾಸ್ತಿ ಅನ್ನುತ್ತದೆ. ಜಿಮ್ ಮುಗಿಸಿ ನಿಲ್ಲುವುದಂತೂ ಸುಮ್ನೆ ದಂಡ.

ಪ್ರಶ್ನೆ: ಕುಮಟಾ, 58 ವರ್ಷ. ಬಿಪಿಗೆ ಅಮ್ಲೋಡಿಪಿನ್ ತಗೊಳ್ಳುತ್ತೇನೆ. ಮೂರು ವಾರದಿಂದ ಮತ್ತೆ ನಡಿಗೆ ಶುರು. ಸಂಜೆ ಎರಡೂ ಪಾದ ಊದುತ್ತವೆ, ಚಪ್ಪಲಿಯ ಪಟ್ಟಿಯ ಗುರುತು ಉಳಿಯುತ್ತದೆ. ನಾಲ್ಕು ದಿನದಲ್ಲಿ 2 ಕೆ.ಜಿ. ಏರಿದೆ. ಇದೂ ವ್ಯಾಯಾಮದ ನೀರೇ?

ಉತ್ತರ: ನೀವು ಈ ಅಂಕಣ ಮಡಚಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ. ನಾಳೆಯೇ. ವ್ಯಾಯಾಮದ ನೀರು ದುಡಿದ ಸ್ನಾಯುವಿನಲ್ಲಿ ಇರುತ್ತದೆ, ಮುಟ್ಟಿದರೆ ನೋಯುತ್ತದೆ. ನಿಮ್ಮದು ಪಾದಕ್ಕೆ ಇಳಿದ ನೀರು. ಹಿಮ್ಮಡಿ ಗಂಟಿನ ಹತ್ತಿರ ಹೆಬ್ಬೆರಳು ಒತ್ತಿ ತೆಗೆದಾಗ ಕುಳಿ ಉಳಿದರೆ ಖಾತ್ರಿ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಹೀಗೆ ಪಾದ ಊದುತ್ತದೆ. ಅಷ್ಟೇ ಆಗಿದ್ದರೆ ಡಾಕ್ಟರು ಮಾತ್ರೆ ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಆದರೆ ನಾಲ್ಕೇ ದಿನದಲ್ಲಿ 2 ಕೆ.ಜಿ. ಅಂದರೆ ಹೃದಯ, ಕಿಡ್ನಿ ಎರಡನ್ನೂ ನೋಡಲೇಬೇಕು. ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿದ್ದರೆ ನಾಳೆಯವರೆಗೂ ಕಾಯಬೇಡಿ.

ಉಳಿದ ಓದುಗರಿಗೂ ಎರಡು ಮಾತು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ. ಕಠಿಣ ವ್ಯಾಯಾಮದ ಮರುದಿನ ಸಹಿಸಲಾಗದ ನೋವಿನ ಜೊತೆ ಮೂತ್ರ ಕರಿ ಚಹಾದ ಬಣ್ಣ ಬಂದರೆ ಸ್ನಾಯು ಒಡೆದು ಕಿಡ್ನಿಗೆ ಹೋಗುತ್ತಿದೆ ಅಂತ ಅರ್ಥ. ಆಗ ಕಷಾಯ ಕುಡಿಯುತ್ತಾ ಕೂರಬಾರದು, ಆಸ್ಪತ್ರೆಗೆ ಓಡಬೇಕು.

ಪ್ರಶ್ನೆ: ಹೊನ್ನಾವರ. ಮಳೆಗಾಲದ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಕಾಸರಕೋಡ ಬೀಚಿನಲ್ಲಿ ಒಂದು ತಾಸು ಓಡಿದೆ. 1.2 ಕೆ.ಜಿ. ಇಳಿಯಿತು! ದಿನಾ ಮಾಡಬಹುದೇ? ಆದರೆ ಸಂಜೆಗೆ ಮತ್ತೆ ಏರಿರುತ್ತದೆ, ಯಾಕೆ?

ಉತ್ತರ: ನಡುವೆ ಎರಡು ಎಳನೀರು ಕುಡಿದಿರಬೇಕು, ಅದಕ್ಕೆ. ಹೋದದ್ದು ಬೆವರು, ಬಂದದ್ದು ಎಳನೀರು. ಕೊಬ್ಬಿಗೆ ಈ ವ್ಯವಹಾರದ ಸುದ್ದಿಯೇ ಇಲ್ಲ. ನಮ್ಮ ಕರಾವಳಿಯ ಹವೆಯಲ್ಲಿ ಬೆವರು ಆರುವುದೇ ಕಷ್ಟ. ಅದರ ಮೇಲೆ ಪ್ಲಾಸ್ಟಿಕ್ ಹಾಕಿದರೆ ಮೈಯ ಬಿಸಿಗೆ ಹೊರಗೆ ಹೋಗಲು ದಾರಿಯಿಲ್ಲ. ತಲೆ ತಿರುಗಿ ಬಿದ್ದರೆ ಎತ್ತಲು ಮುಂಜಾನೆ ಅಲ್ಲಿ ಜನವೂ ಇರುವುದಿಲ್ಲ. ಹತ್ತಿ ಬನಿಯನ್ ಹಾಕಿ ಓಡಿ. ಕೋಟನ್ನು ಒಣಗಿಸಿ ಎತ್ತಿಡಿ, ಜೂನ್‌ನಲ್ಲಿ ಬೇಕಾಗುತ್ತದೆ.